ಎಮ್ಮಿ ಹಾಲು ಬಿಡೋದು ತಲಿಯಿಂದ

ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಒಣ ಬೇಸಾಯದವರಿಗೆ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕೊಟ್ಟಿಗೆಯ ಎಮ್ಮೆ. ಅದರ ಕರು ಸತ್ತರೆ ಚಿಂತೆ ಶುರು. ಎಮ್ಮೆ ಹಾಲು ಏರಿಸಿಕೊಂಡು ನಿಲ್ಲತೈತಿ. ಆಗ ಯಾರಾದರೂ ಹೇಳತಾರ, 'ಒಂದು ಸೂಜಿ ಚುಚ್ಚರಿ, ಹಾಲು ತಾನಾಗೇ ಇಳಿತೈತಿ.' ಇಳಿಯೂದು ಖರೆ. ಆದರ ಆ ಸೂಜಿ ಏನು ಮಾಡತೈತಿ ಅಂತ ತಿಳಕೊಂಡು ಮಾತಾಡುವುದು ಒಳ್ಳೇದು.

ಎಮ್ಮೆಯ ಹಾಲಿನ ಬಹುಪಾಲು ಕೆಚ್ಚಲಿನ ಮೇಲ್ಭಾಗದ ಸಣ್ಣ ಸಣ್ಣ ಚೀಲಗಳಲ್ಲಿ ಇರತೈತಿ. ಬರೇ ಮೊಲೆ ಎಳೆದರೆ ಅದು ಬರೂದಿಲ್ಲ. ಕರು ಚೀಪಿದಾಗ, ಇಲ್ಲವೆ ನಾವು ಕೆಚ್ಚಲು ತೊಳೆದು ನೀವಿದಾಗ, ಸುದ್ದಿ ನರಗಳ ಮೂಲಕ ಮೆದುಳಿಗೆ ಮುಟ್ಟತೈತಿ. ಮೆದುಳಿನ ಹೈಪೋಥಾಲಮಸ್ ಎಂಬ ಭಾಗ ತಯಾರಿಸಿದ ಆಕ್ಸಿಟೋಸಿನ್ ಎಂಬ ಹಾರ್ಮೋನು ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಕೂಡಿರತೈತಿ. ಸುದ್ದಿ ಬಂದೊಡನೆ ಅದು ರಕ್ತಕ್ಕೆ ಇಳಿದು, ಕೆಚ್ಚಲು ಸೇರಿ, ಆ ಚೀಲಗಳನ್ನು ಅಮುಕತೈತಿ. ಸುದ್ದಿ ಹೋಗುವಾಗ ತಂತಿ, ಉತ್ತರ ಬರುವಾಗ ಕಾಲುವೆ ಎನ್ನಬಹುದು. ಅದಕ್ಕೇ ಒಂದೆರಡು ನಿಮಿಷ ತಡ. ಅದರ ಜೋರೂ ಕೆಲವೇ ನಿಮಿಷ; ಅಷ್ಟರೊಳಗ ಹಾಲು ಹಿಂಡೂದು ಮುಗೀಬೇಕು.

ಎಮ್ಮೆ ಬೆದರಿದರೆ, ಹೊಡೆತ ತಿಂದರೆ ಮೆದುಳು ಈ ಹಾರ್ಮೋನನ್ನು ಬಿಡೂದಿಲ್ಲ. ಹೆದರಿಕೆಯಿಂದ ಹುಟ್ಟುವ ಅಡ್ರಿನಲಿನ್ ಕೂಡ ಅದರ ಕೆಲಸಕ್ಕೆ ಅಡ್ಡ ಬರತೈತಿ. ಹಾಲು ಕೊಡಲಿಲ್ಲ ಅಂತ ಬಡಿಗೆ ಎತ್ತಿದರೆ ಇದ್ದದ್ದೂ ಹೋಯಿತು.

ಸೂಜಿಯಲ್ಲಿ ಇರುವುದೂ ಇದೇ ಆಕ್ಸಿಟೋಸಿನ್. ಅದು ಹೊಸ ಹಾಲು ಹುಟ್ಟಿಸೂದಿಲ್ಲ, ಇದ್ದದ್ದನ್ನು ಇಳಿಸತೈತಿ. ದಿನಾ ಚುಚ್ಚುತ್ತ ಹೋದರೆ ಎಮ್ಮೆ ತಾನಾಗಿ ಹಾಲು ಬಿಡುವುದು ಕಡಿಮೆಯಾಗಿ, ಸೂಜಿ ಇಲ್ಲದೆ ಹಾಲಿಲ್ಲ ಅನ್ನುವಂಗ ಆಗತೈತಿ.

2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ತಯಾರಿಸಬೇಕು ಎಂದಿತು. ಅದೇ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಹೆರಿಗೆಯಾದ ತಾಯಂದಿರ ರಕ್ತಸ್ರಾವ ನಿಲ್ಲಿಸಲು ಬೇಕಾದ ಔಷಧ ಅದು. ದನಗಳ ಕಷ್ಟದ ಹೆರಿಗೆಯಲ್ಲೂ ಡಾಕ್ಟರು ಬಳಸತಾರ. ಹಂಗಾಗಿ ಔಷಧ ತಪ್ಪಲ್ಲ, ದಿನಾ ಹಾಲಿಗಾಗಿ ಚುಚ್ಚುವುದು ತಪ್ಪು. ಅದನ್ನು ಕಾರ್ಖಾನೆಯಲ್ಲಿ ತಡೆಯಲಿಕ್ಕೆ ಆಗೂದಿಲ್ಲ, ನಮ್ಮ ಕೊಟ್ಟಿಗೆಯಲ್ಲೇ ತಡೀಬೇಕು.

'ಸಾಲದ ಕಂತು ಕಾಯೂದಿಲ್ಲಲ್ಲ' ಅಂತ ಕೇಳುವಿರಿ. ನಿಜ. ಆದರ ನಾವು ಮಾಡುವುದನ್ನೂ ನೋಡೋಣ. ಕೋಣಗರು ಹುಟ್ಟಿದರೆ ಅದಕ್ಕೆ ಗಿಣ್ಣದ ಹಾಲೂ ಸರಿಯಾಗಿ ಬಿಡದೆ ಸಾಯಗೊಡತೀವಿ, ಆಮೇಲೆ ತಾಯಿಗೆ ಸೂಜಿ ಹುಡುಕತೀವಿ. ಇದು ಯಾವ ಲೆಕ್ಕ? ಕರುವಿಗೆ ಹುಟ್ಟಿದ ಒಂದು ತಾಸಿನೊಳಗ ಗಿಣ್ಣದ ಹಾಲು ಕುಡಿಸರಿ. ಕರು ಇರುವಾಗಲೇ ಎಮ್ಮೆಗೆ ಕೈಯ ರೂಢಿ ಮಾಡರಿ. ಅದೇ ಹೊತ್ತು, ಅದೇ ಜಾಗ, ಅದೇ ಮನುಷ್ಯ ಇರಲಿ. ಮುಂದೆ ನೆನೆಸಿದ ಹತ್ತಿಕಾಳು ಇಟ್ಟು, ಉಗುರುಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು, ಎರಡು-ಮೂರು ನಿಮಿಷ ನೀವಿರಿ. ರೂಢಿಯಾದ ಎಮ್ಮೆ ಬಕೆಟ್ಟಿನ ಸಪ್ಪಳಕ್ಕೇ ಹಾಲು ಬಿಡುವುದುಂಟು.

ಕರು ಸತ್ತ ಎಮ್ಮೆಯನ್ನು ಸೂಜಿ ಇಲ್ಲದೆ ಒಲಿಸಿದವರು ನಿಮ್ಮಲ್ಲಿ ಇದ್ದೇ ಇರತೀರಿ. ಹೆಂಗ ಒಲಿಸಿದಿರಿ ಅನ್ನೋದನ್ನು ಬರೆದು ತಿಳಿಸರಿ.