ಸೂರು: ದಾನವೆ, ಹಕ್ಕೆ?

(ಅಂತಿಮ ಬಿ.ಎ. ವಿದ್ಯಾರ್ಥಿ)

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಗಾದೆ ಕಟ್ಟಿದ ಹಿರಿಯರು ಒಂದು ಸಂಗತಿಯನ್ನು ಪ್ರಶ್ನಿಸದೆಯೇ ಒಪ್ಪಿಕೊಂಡುಬಿಟ್ಟಿದ್ದಾರೆ. ಮನೆ ಕಟ್ಟಹೊರಟವನಿಗೆ ಕಟ್ಟಲು ಒಂದಿಷ್ಟು ನೆಲ ಇದ್ದೇ ಇರುತ್ತದೆ ಎಂಬುದೇ ಆ ಸಂಗತಿ. ಮರಮುಟ್ಟು, ಇಟ್ಟಿಗೆ, ಸಾಲಸೋಲಗಳ ಕಷ್ಟ ಅವರಿಗೆ ಗೊತ್ತಿತ್ತು. ಕಾಲೂರಿದ ಮಣ್ಣೇ ತನ್ನದಲ್ಲದವನ ಕಷ್ಟ ಗಾದೆಯೊಳಗೆ ಸೇರಲಿಲ್ಲ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಅಂಥವರು ಕಡಮೆಯೇನಿಲ್ಲ.

ವಸತಿಯು ಮನುಷ್ಯನ ಹಕ್ಕೆಂಬುದು ಹೊಸ ಮಾತಲ್ಲ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 25ನೆಯ ವಿಧಿಯಲ್ಲಿ ಅನ್ನ, ಬಟ್ಟೆಗಳ ಜೊತೆಯಲ್ಲಿಯೇ ವಸತಿಯ ಹೆಸರೂ ಇದೆ. 1966ರ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆ ಅದನ್ನೇ ಮತ್ತೊಮ್ಮೆ ಹೇಳಿತು. ಭಾರತವು ಅದಕ್ಕೆ 1979ರಲ್ಲಿ ಸಮ್ಮತಿಯಿತ್ತಿತು. ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಮನೆ ಎಂಬ ಮಾತು ಬರೆದಿಲ್ಲ ನಿಜ. ಆದರೆ ಜೀವಿಸುವ ಹಕ್ಕನ್ನು ಹೇಳುವ 21ನೆಯ ವಿಧಿಯಲ್ಲಿ ಸೂರಿನ ಹಕ್ಕೂ ಅಡಗಿದೆಯೆಂದು ಸುಪ್ರೀಂ ಕೋರ್ಟು ಬಗೆದು ತೋರಿಸಿದೆ. ಮುಂಬಯಿಯ ಕಾಲುದಾರಿವಾಸಿಗಳ ಪರವಾಗಿ ಓಲ್ಗಾ ಟೆಲಿಸ್ ಮೊದಲಾದವರು ಹೂಡಿದ ಮೊಕದ್ದಮೆಯಲ್ಲಿ, ಗುಡಿಸಲನ್ನು ಕಿತ್ತರೆ ಕೂಲಿಯವನ ಜೀವನೋಪಾಯವನ್ನೇ ಕಿತ್ತಂತೆ ಎಂಬ ವಾದವನ್ನು 1985ರಲ್ಲಿ ನ್ಯಾಯಾಲಯ ಒಪ್ಪಿತು. ಒಪ್ಪಿಯೂ ತೆರವನ್ನು ನಿಲ್ಲಿಸಲಿಲ್ಲ. ಮಳೆಗಾಲ ಕಳೆಯುವವರೆಗೆ ಮುಂದೂಡಿತು. ಹಕ್ಕು ಉಂಟು, ಆದರೆ ಮನೆ ಬಿಡಬೇಕು! ನಮ್ಮ ನಾಡಿನಲ್ಲಿ ವಸತಿಯ ಹಕ್ಕಿನ ಕಥೆಯೆಲ್ಲ ಈ ಒಂದು ತೀರ್ಪಿನಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

“ಸರ್ಕಾರ ಮನೆ ಕಟ್ಟಿಸಿಕೊಡುತ್ತಿಲ್ಲವೆ?” ಎಂದು ಕೇಳುವವರುಂಟು. ಕೊಡುತ್ತಿದೆ, ಇಲ್ಲವೆನ್ನಲಾರೆ. 1985ರ ಇಂದಿರಾ ಆವಾಸ್, 1991–92ರ ಆಶ್ರಯ, 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಬಸವ ವಸತಿ, 2016ರಲ್ಲಿ ಹಳ್ಳಿಗಳಿಗೆ ಬಂದ ಪ್ರಧಾನ ಮಂತ್ರಿ ಆವಾಸ್: ಹೆಸರುಗಳಿಗೆ ಬರವಿಲ್ಲ. ಕೊನೆಯದರಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರಿನ ಮನೆ. ನಮ್ಮ ಗಾರೆಯವರ ಲೆಕ್ಕದಲ್ಲಿ ಮೂರು ಚದರಕ್ಕೂ ಕಡಮೆ. ಹೋಗಲಿ, ಚಿಕ್ಕದಾದರೂ ಮನೆಯೇ. ಆದರೆ ಈ ಯೋಜನೆಗಳ ಹೊಸ್ತಿಲಿನಲ್ಲಿ ಒಂದು ಪ್ರಶ್ನೆ ಕಾದು ನಿಂತಿರುತ್ತದೆ: ನಿವೇಶನದ ಪತ್ರ ಎಲ್ಲಿ? ಪತ್ರವಿದ್ದವನು ತಳಪಾಯವನ್ನು ಮೊದಲು ಕೈಯಿಂದ ಹಾಕಿಕೊಂಡು, ಅದರ ಫೋಟೋ ತೆಗೆಸಿ, ಕಂತಿಗೆ ಕಾಯಬೇಕು. ಆ ತಳಪಾಯಕ್ಕೆ ಮೀಟರ್ ಬಡ್ಡಿಗೆ ಸಾಲ ತಂದವರನ್ನು ನಾನು ಬಲ್ಲೆ. ಪತ್ರವಿಲ್ಲದವನಿಗೆ ಆ ಸಾಲದ ಭಾಗ್ಯವೂ ಇಲ್ಲ. ಅತ್ಯಂತ ಬಡವನಿಗೆಂದು ಮಾಡಿದ ಯೋಜನೆಯು ಅತ್ಯಂತ ಬಡವನನ್ನು ಬಾಗಿಲಲ್ಲಿಯೇ ನಿಲ್ಲಿಸುತ್ತದೆ.

ನಮ್ಮ ಸೀಮೆಯ ಊರ ಹೆಸರುಗಳನ್ನು ನೋಡಿರಿ. ಹಳ್ಳಿ, ಪುರ, ಪಾಳ್ಯಗಳ ನಡುವೆ ಎಷ್ಟೊಂದು ‘ದೊಡ್ಡಿ’ಗಳು! ದೊಡ್ಡಿಯೆಂದರೆ ದನ ಕೂಡುವ ಜಾಗ. ಕಾಡಂಚಿನಲ್ಲಿ, ಬೆಟ್ಟದ ತಪ್ಪಲಿನಲ್ಲಿ ದನಕುರಿ ಕೂಡಿದ ಕಡೆ ಅವನ್ನು ಕಾಯುವವನು ಒಂದು ಗುಡಿಸಲು ಹಾಕಿದ, ಹೆಂಡತಿ ಬಂದಳು, ಅಣ್ಣತಮ್ಮಂದಿರ ಗುಡಿಸಲುಗಳು ಎದ್ದುವು, ಮಾರಮ್ಮನ ಕಲ್ಲು ನೆಟ್ಟರು, ಊರಾಯಿತು. ಊರಾದುದು ಜನರಿಗೆ ಗೊತ್ತು, ದೇವರಿಗೆ ಗೊತ್ತು, ಓಟು ಕೇಳುವವರಿಗಂತೂ ಚೆನ್ನಾಗಿ ಗೊತ್ತು. ಎಷ್ಟೋ ಕಡೆ ಕಂದಾಯದ ಕಡತಕ್ಕೆ ಮಾತ್ರ ಗೊತ್ತಿಲ್ಲ. ಅಲ್ಲಿ ಅದು ಇನ್ನೂ ಯಾರದೋ ಹಿಡುವಳಿಯ ಸರ್ವೆ ನಂಬರು, ಇಲ್ಲವೆ ಗೋಮಾಳ.

ನಾನು ಹುಟ್ಟಿದ್ದು ಇಂಥದೊಂದು ದೊಡ್ಡಿಯಲ್ಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಮನೆಯ ಕಾಗದಗಳನ್ನು ಓದುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಅವ್ವನ ತಗಡಿನ ಟ್ರಂಕಿನಲ್ಲಿ ರೇಷನ್ ಕಾರ್ಡಿದೆ, ಆಧಾರ್ ಇದೆ, ಕರೆಂಟಿನ ಬಿಲ್ಲುಗಳ ಕಟ್ಟೇ ಇದೆ. ನಾವು ಅಲ್ಲಿ ವಾಸವಾಗಿದ್ದೇವೆಂದು ಎಲ್ಲ ಕಾಗದಗಳೂ ಸಾಕ್ಷಿ ಹೇಳುತ್ತವೆ; ಅಲ್ಲಿರುವುದಕ್ಕೆ ನಮಗೆ ಹಕ್ಕುಂಟೆಂದು ಒಂದೂ ಹೇಳುವುದಿಲ್ಲ.

ಹಾಗೆಂದು ಕಾನೂನು ಕಣ್ಣು ಮುಚ್ಚಿಕೊಂಡಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಿಂದ, ಉಳುವವನು ಹೊಲದೊಡೆಯನಾದ. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ‘ವಾಸಿಸುವವನೇ ಮನೆಯೊಡೆಯ’ ಎಂದು ಸಾರಿತು. ಖಾಸಗಿ ಜಮೀನಿನಲ್ಲಿ ಎದ್ದ ದಾಖಲೆಯಿಲ್ಲದ ತಾಂಡ, ಹಟ್ಟಿ, ಹಾಡಿ, ಪಾಳ್ಯಗಳ ಪಟ್ಟಿಯಲ್ಲಿ ನಮ್ಮ ದೊಡ್ಡಿಯ ಹೆಸರೂ ಇದೆಯೆಂದು ಓದಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ‘94ಸಿ’ ಇದೆ. ಆ ಅಂಕಿ ಗೊತ್ತಿಲ್ಲದ ಹಳ್ಳಿಗನಿಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೂ, 2025ರ ಮೇ ತಿಂಗಳಲ್ಲಿ ಹೊಸಪೇಟೆಯ ಸಮಾವೇಶದಲ್ಲಿ ಲಕ್ಷಕ್ಕೂ ಮೀರಿದ ಕುಟುಂಬಗಳಿಗೂ ಹಕ್ಕುಪತ್ರ ನೀಡಿದರು. ಸಂತೋಷ. ಆದರೆ ಹಕ್ಕು ಕೊಡುವುದಕ್ಕೆ ಪೆಂಡಾಲು ಏಕೆ ಬೇಕೆಂಬುದು ನನಗೆ ಈವರೆಗೂ ಅರ್ಥವಾಗಿಲ್ಲ. ಜನನದ ದಾಖಲೆ ಸಿಕ್ಕುವಂತೆ ಅದೂ ಸದ್ದಿಲ್ಲದೆ ಸಿಕ್ಕಬೇಕಲ್ಲವೆ?

ಅವಸರಕ್ಕೆ ಕಾರಣವೂ ಇದೆ. ಹಿಂದೆ ಜಮೀನುದಾರನಿಗೆ ತನ್ನ ಹೊಲದ ಮೂಲೆಯಲ್ಲಿನ ಹತ್ತು ಗುಡಿಸಲು ಭಾರವಾಗಿರಲಿಲ್ಲ. ಕೂಲಿಗೆ ಆಳು ಹತ್ತಿರವೇ ಇದ್ದಂತಾಗುತ್ತಿತ್ತು. 2023ರಲ್ಲಿ ಮೈಸೂರಿನ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿಯ ಕಡೆ ಉಪನಗರದ ಯೋಜನೆ ಎದ್ದಿದೆ. 2025ರಲ್ಲಿ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಟ್ಟರು. ಗುಂಟೆಯಲ್ಲಿ ಎಣಿಸುತ್ತಿದ್ದ ನೆಲವನ್ನು ಈಗ ಅಡಿಯಲ್ಲಿ ಎಣಿಸುತ್ತಾರೆ. ಅಡಿಗೆ ಬೆಲೆ ಬಂದ ದಿನ ಗುಡಿಸಲಿಗೆ ಕುತ್ತು ಬಂದಿತೆಂದೇ ಅರ್ಥ. ಚನ್ನಪಟ್ಟಣದಲ್ಲಿ ಬಾಡಿಗೆ ಮನೆಯ ಪಡಸಾಲೆಯಲ್ಲಿ ಲೇತು ಕೂಡಿಸಿಕೊಂಡು ಅರಗಿನ ಬೊಂಬೆ ಮಾಡುವವನಿಗೆ ಮನೆ ಬಿಡಿಸಿದರೆ ಕಸುಬೂ ಹೋಗುತ್ತದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದವರು ಮಾಗಡಿಯಲ್ಲಿ ಆಳಿದರು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನಮ್ಮ ಲಕ್ಕಪ್ಪನಹಳ್ಳಿಯವರು. ಇಂದಿಗೂ ಬೆಳಗಿನ ರೈಲಿನಲ್ಲಿ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು ನಮ್ಮವರು. ಅನ್ಯರಿಗೆ ಮನೆ ಕಟ್ಟುವುದರಲ್ಲಿ ನಮ್ಮ ಸೀಮೆ ಎಂದೂ ಹಿಂದೆ ಬಿದ್ದಿಲ್ಲ!

ಇರುಳಿಗರ ಪಾಡು ಇನ್ನೂ ಒಂದು ತೂಕ ಹೆಚ್ಚು. ರಾಮನಗರ, ಮಾಗಡಿ, ಕನಕಪುರದ ಕಾಡುಗಳಲ್ಲಿ ಜೇನು, ಗೆಡ್ಡೆ ಗೆಣಸು ಆಯ್ದು ಬಾಳಿದ ಈ ಜನ ಈಗ ಕಾಡಂಚಿನ ಕಾಲೋನಿಗಳಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯು, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯದ ನೆಲದಲ್ಲಿ ವಾಸವಾಗಿರುವ ಬುಡಕಟ್ಟು ಜನರ ಹಕ್ಕನ್ನು ಮಾನ್ಯ ಮಾಡುತ್ತದೆ. ಅವರ ಅರ್ಜಿಯ ವಿಚಾರಣೆ ಮುಗಿಯದೆ ಅವರನ್ನು ಒಕ್ಕಲೆಬ್ಬಿಸಕೂಡದೆನ್ನುತ್ತದೆ. ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳಿಗಾಗಿ 2012ರಲ್ಲಿ ಸುಮಾರು 346 ಹೆಕ್ಟೇರಿನ ಧಾಮವನ್ನು ಘೋಷಿಸಿದರು. ಹದ್ದುಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವು ಅರ್ಜಿ ಬರೆಯದೆಯೇ ಸರ್ಕಾರ ಅವುಗಳ ವಾಸದ ಎಲ್ಲೆಯನ್ನು ಗುರುತಿಸಿತಲ್ಲ, ಅದನ್ನು ಮೆಚ್ಚುತ್ತೇನೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಸಹಜ. ತರಗತಿಯ ಚರ್ಚೆಯಲ್ಲಿ ಮಿತ್ರರೊಬ್ಬರು ಅದನ್ನೆತ್ತಿದ್ದರು: “ಇದ್ದವರಿಗೆಲ್ಲ ಪತ್ರ ಕೊಟ್ಟರೆ ಕೆರೆಕಟ್ಟೆ, ಗೋಮಾಳಗಳು ಉಳಿದಾವೆಯೆ?” ಪ್ರಶ್ನೆ ಹಗುರವಾದುದಲ್ಲ. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ಕೆರೆಗಳು ಕೋಡಿ ಬಿದ್ದು ಮನೆಗಳಿಗೆ ನೀರು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೆರೆಯಂಗಳದ ಗುಡಿಸಲಿಗೆ ಪತ್ರ ಬರೆದುಕೊಡುವುದು ಹಕ್ಕಲ್ಲ, ಅದು ಅಪಾಯದ ಪಟ್ಟಾಭಿಷೇಕ. ಅಂಥವರಿಗೆ ಬೇರೆಡೆ ನೆಲ ತೋರಿಸಿ, ಆಮೇಲೆ ಎಬ್ಬಿಸಬೇಕು. ಎಬ್ಬಿಸಿ ಆಮೇಲೆ ತೋರಿಸುವುದಲ್ಲ. ದಕ್ಷಿಣ ಆಫ್ರಿಕಾ ದೇಶದ 1996ರ ಸಂವಿಧಾನವು, ನ್ಯಾಯಾಲಯವು ಸಕಲ ಸಂದರ್ಭಗಳನ್ನೂ ಪರಿಶೀಲಿಸಿ ಆಜ್ಞೆ ಮಾಡದೆ ಯಾರನ್ನೂ ಮನೆಯಿಂದ ಹೊರಡಿಸಕೂಡದೆಂದು ಬರೆದಿಟ್ಟಿದೆ. ನಮ್ಮ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ, ಮನೆ ಕೆಡವುವ ಮುನ್ನ 15 ದಿನಗಳ ನೋಟೀಸು ಕೊಡಬೇಕೆಂದಿತು. ರಸ್ತೆ, ಕಾಲುದಾರಿ, ನದಿ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿನ ಅನಧಿಕೃತ ಕಟ್ಟಡಗಳಿಗೆ ಆ ರಕ್ಷಣೆಯಿಲ್ಲ. ಕಾಲುದಾರಿವಾಸಿಯ ಪ್ರಶ್ನೆ 1985ರಲ್ಲಿ ಇದ್ದಲ್ಲಿಯೇ ಇದೆ.

ನಾನು ಹೊಸ ಯೋಜನೆಯನ್ನೇನೂ ಕೇಳುತ್ತಿಲ್ಲ. ಇರುವ ಕಾನೂನಿನ ಪ್ರಕಾರ, ಜನರು ಅರ್ಜಿ ಹಿಡಿದು ಅಲೆಯುವ ಬದಲು ಅಧಿಕಾರಿಗಳೇ ದೊಡ್ಡಿಯಿಂದ ದೊಡ್ಡಿಗೆ ಬಂದು ಅಳೆದು, ಮನೆಯೊಡತಿಯ ಹೆಸರಿನಲ್ಲಿ ಪತ್ರ ಮಾಡಿಕೊಡಲಿ ಎನ್ನುತ್ತೇನೆ. ಅಷ್ಟರಲ್ಲಿ ನಮ್ಮಿಂದಾಗುವುದೂ ಒಂದಿದೆ. ಪ್ರತಿ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರದಲ್ಲಿ ಚರಂಡಿ ಬಳಿದು, ಗುಡಿಗೆ ಸುಣ್ಣ ಹೊಡೆದು ಬರುತ್ತೇವೆ. ಮುಂದಿನ ಶಿಬಿರವನ್ನು ಒಂದು ದೊಡ್ಡಿಯಲ್ಲಿ ನಡೆಸೋಣ. ಯಾವ ಸರ್ವೆ ನಂಬರು, ಎಷ್ಟು ಮನೆ, ಎಷ್ಟು ವರ್ಷದ ವಾಸ, ಟ್ರಂಕಿನಲ್ಲಿ ಏನೇನು ಕಾಗದವಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡು, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡೋಣ. ನಮ್ಮ ಅಧ್ಯಾಪಕರು ಸಮ್ಮತಿಸಿದರೆ ಮೊದಲನೆಯ ದೊಡ್ಡಿಯ ದಾರಿಯನ್ನು ನಾನು ತೋರಿಸುತ್ತೇನೆ. ಬಸ್ಸಿಳಿದ ಮೇಲೆ ಎರಡು ಮೈಲಿ ನಡೆಯಬೇಕು.