ದೋಣಿಗೆ ಪಟ್ಟಿಯುಂಟು, ಹುಡುಗರಿಗೆ?

ಅಮೇರಿಕೆಯ ಬಫೆಲೋ ಪ್ರಾಂತದ ಶಾಲಾ ತರುಣರು ಹುಟ್ಟುಹಾಕುವ ಪಂದ್ಯಗಳಿಗಾಗಿ ಕೆನಡಾದ ಸೇಂಟ್ ಕ್ಯಾಥರೀನ್ಸ್ ನಗರಕ್ಕೆ ಹೋಗುವುದುಂಟು. ನಡುವೆ ನಯಾಗರಾ ನದಿ, ಅದರ ಮೇಲೆ 1927ರಲ್ಲಿ ತೆರೆದ ಶಾಂತಿ ಸೇತುವೆ. ಪ್ರಯಾಣವು ಸುಮಾರು ಒಂದು ಗಂಟೆಯದು. ಸಿದ್ಧತೆಯು ಮಾತ್ರ ತಿಂಗಳುಗಳದು.

ದೋಣಿಯ ಚಿಂತೆಯನ್ನು ಎಲ್ಲರೂ ಮಾಡುವರು. ಎಂಟು ಜನರ ದೋಣಿಯು 55 ಅಡಿಗೂ ಮಿಕ್ಕ ಉದ್ದವುಳ್ಳದ್ದು. ಅದನ್ನು ಭಾಗಗಳಾಗಿ ಬಿಚ್ಚಿ, ಮೋಟಾರು ಬಂಡಿಯ ಹಿಂದೆ ಕಟ್ಟಿ, ಸುಂಕದ ಕಟ್ಟೆಯಲ್ಲಿ ತೋರಿಸಲು ಸಾಮಾನಿನ ಪಟ್ಟಿಯನ್ನು ಬರೆದಿಡುವರು. ಹುಡುಗರ ಕಾಗದಪತ್ರಗಳನ್ನೋ ಕಡೆಯ ವಾರಕ್ಕೆ ಬಿಡುವರು! ಇದು ನಮಗೆ ವಿಪರೀತವಾಗಿ ತೋರುತ್ತದೆ.

ಕಾಯಿದೆಯು ಕ್ರೂರವಾದುದೇನಲ್ಲ. ಅಮೇರಿಕೆಯ ಪ್ರಜೆಯಾಗಿ 19 ತುಂಬದ ಹುಡುಗನು ತನ್ನ ತಂಡದೊಡನೆ, ಹಿರಿಯರ ಮೇಲ್ವಿಚಾರಣೆಯಲ್ಲಿ, ನೆಲದ ದಾರಿಯಿಂದ ಮರಳಿದರೆ ಜನನಪತ್ರವೇ ಸಾಕೆಂಬ ನಿಯಮವು 2009ರಿಂದ ನಡೆದುಬಂದಿದೆ. ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನು ಕೆನಡಾದ ಅಧಿಕಾರಿಗಳು ಕೇಳಬಹುದು. ದಂಪತಿಗಳು ಬೇರೆಯಾಗಿದ್ದಲ್ಲಿ ಇಬ್ಬರ ಸಹಿಯನ್ನೂ ಪಡೆದಿರುವುದು ಲೇಸು. ಆ ಎರಡನೆಯ ಸಹಿಯು ಎಷ್ಟು ದಿನಗಳನ್ನು ನುಂಗುವುದೆಂಬುದನ್ನು ನ್ಯಾಯಾಲಯದ ಮೆಟ್ಟಿಲು ಸವೆಸಿದ ನಾವು ಬಲ್ಲೆವು.

ಆದರೆ ಅದೇ ದೋಣಿಯಲ್ಲಿ ನಮ್ಮ ನಾಡಿನಿಂದ ಹೋದ ಕುಟುಂಬದ ಹುಡುಗನೊಬ್ಬನಿದ್ದರೆ? ಅವನಲ್ಲಿರುವುದು ಭಾರತದ ಪಾಸ್‌ಪೋರ್ಟಾಗಿ, ಅಮೇರಿಕೆಯಲ್ಲಿ ಕಾಯಂ ವಾಸದ ಹಕ್ಕಿಲ್ಲದಿದ್ದರೆ, ಕೆನಡಾದ ವೀಸಾ ಬೇಕೇ ಬೇಕು. ಅದು ಒಂದೆರಡು ದಿನಗಳಲ್ಲಿ ಕೈಸೇರುವ ವಸ್ತುವಲ್ಲ. ಚಳಿಗಾಲವೆಲ್ಲ ಬೆವರು ಸುರಿಸಿದವನು ಯಾರೂ ವಿಚಾರಿಸದ ಕಾರಣಕ್ಕಾಗಿ ಈಚೆಯ ದಡದಲ್ಲುಳಿದರೆ ತಪ್ಪು ಯಾರದು? ಬದಲಿಯವನನ್ನು ಕೂರಿಸಿದರೆ ದೋಣಿಯು ಸಾಗೀತು. ಆ ಹುಡುಗನ ಮನಸ್ಸು?

ಆದುದರಿಂದ ತಂಡವನ್ನು ಆರಿಸಿದ ದಿನವೇ ಶಿಕ್ಷಕರು ಪ್ರತಿಯೊಬ್ಬನ ಮನೆಯವರನ್ನು ಬೇರೆಬೇರೆಯಾಗಿ ಕಂಡು ಕಾಗದಗಳನ್ನು ವಿಚಾರಿಸತಕ್ಕದ್ದು. ಎಲ್ಲರೆದುರಿಗೆ ಕೇಳಲಾಗದು.