ಕಾನೂನು ವಿದ್ಯಾರ್ಥಿಯೂ ಗ್ರಂಥಾಲಯವೂ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಮುಂದೆ ಮುಂಬಯಿಯ ಕಾನೂನು ಕಾಲೇಜೊಂದನ್ನು ಸೇರಿದ ಹುಡುಗನೊಬ್ಬನು ಕಳೆದ ಮಳೆಗಾಲದಲ್ಲಿ ನಮ್ಮನ್ನು ಕಾಣಲು ಬಂದಿದ್ದನು. ಅವನ ಕೈಯಲ್ಲಿದ್ದ ಚೀಟಿಯಲ್ಲಿ ‘ಎ.ಐ.ಆರ್. 1973 ಎಸ್.ಸಿ. 1461’ ಎಂದಿಷ್ಟೇ ಬರೆದಿತ್ತು. ಇದನ್ನು ಓದಿಕೊಂಡು ಬನ್ನಿರೆಂದು ಅಧ್ಯಾಪಕರು ಅಪ್ಪಣೆ ಮಾಡಿದ್ದರಂತೆ. ಗ್ರಂಥಾಲಯದಲ್ಲಿ ಕೇಳಿದರೆ, ‘ಪುಸ್ತಕದ ಹೆಸರು ಬರೆದು ಕೊಡು’ ಎಂಬ ಉತ್ತರ ಬಂತಂತೆ. ಹೆಸರೇ ತಿಳಿಯದವನು ಏನನ್ನು ಬರೆದಾನು? ನಾಲ್ಕು ದಿನ ಬರಿಗೈಯಲ್ಲಿ ಹಿಂತಿರುಗಿ, ಐದನೆಯ ದಿನ ಕಾಲೇಜನ್ನೇ ಬಿಡುವೆನೆಂದು ನಿಶ್ಚಯಿಸಿ ಬಂದಿದ್ದನು. ‘ಸರ್, ಇದು ಇಂಗ್ಲಿಷ್ ಶಾಲೆಯವರಿಗೆ ಹೇಳಿದ ವಿದ್ಯೆ’ ಎಂದನು. ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದ ನಮಗೂ ಆ ಚೀಟಿಯ ಅರ್ಥವಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಪರಿಚಿತ ವಕೀಲರೊಬ್ಬರು ಎರಡೇ ನಿಮಿಷಗಳಲ್ಲಿ ಒಗಟನ್ನು ಬಿಡಿಸಿದರು. ಎ.ಐ.ಆರ್. ಎಂದರೆ ‘ಆಲ್ ಇಂಡಿಯಾ ರಿಪೋರ್ಟರ್’ ಎಂಬ ತೀರ್ಪುಗಳ ಸಂಪುಟಮಾಲೆ, 1973 ಎಂಬುದು ಇಸವಿ, ಎಸ್.ಸಿ. ಎಂದರೆ ಸುಪ್ರೀಂ ಕೋರ್ಟು. 1461 ಪುಟದ ಸಂಖ್ಯೆ. ಅಂಚೆಯ ವಿಳಾಸದಲ್ಲಿ ಊರು, ಬೀದಿ, ಮನೆಯ ಸಂಖ್ಯೆ ಇರುವಂತೆಯೇ ಇದು. ಇಂಗ್ಲಿಷ್ ಶಾಲೆಯಿಂದ ಬಂದವನಿಗೂ ಮೊದಲ ದಿನ ಇದು ತಿಳಿದಿರುವುದಿಲ್ಲ. ಅವನು ಅಳುಕದೆ ಕೇಳುತ್ತಾನೆ. ನಮ್ಮವನು ತಪ್ಪು ತನ್ನ ಭಾಷೆಯದೆಂದು ತಿಳಿದು ಹಿಂದೆ ಸರಿಯುತ್ತಾನೆ.

ಆ ಪುಟದಲ್ಲಿ ಇದ್ದುದಾದರೂ ಯಾವ ಮೊಕದ್ದಮೆ? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳ ಸರಕಾರದ ವಿರುದ್ಧ ಹೂಡಿದ್ದ ಮೊಕದ್ದಮೆ! ಕೇರಳಕ್ಕೆ ಸೇರಿದರೂ ಕನ್ನಡವನ್ನು ಬಿಡದ ಆ ನೆಲದಿಂದ ಬಂದ ಕುಟುಂಬಗಳ ಮಕ್ಕಳು ನಮ್ಮ ಶಾಲೆಯಲ್ಲಿಯೂ ಇದ್ದಾರೆ. ಭೂಸುಧಾರಣೆಯ ಕಾಯಿದೆಯಿಂದ ಮಠದ ಭೂಮಿಗೆ ಒದಗಿದ ಪ್ರಶ್ನೆಯು ಬೆಳೆದು, 1973ರ ಏಪ್ರಿಲ್ 24ರಂದು 13 ಮಂದಿ ನ್ಯಾಯಾಧೀಶರ ಪೀಠವು, ಏಳು ಮಂದಿಯ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲರಚನೆಯನ್ನು ಕೆಡಿಸಲಾಗದೆಂದು ತೀರ್ಮಾನಿಸಿತು. ಕನ್ನಡ ನೆಲದ ಮಠವೊಂದರ ಹೆಸರನ್ನು ಹೊತ್ತ ಆ ಸಂಪುಟದ ಎದುರು ಕನ್ನಡದ ಹುಡುಗನು ಪರಕೀಯನಂತೆ ನಿಂತಿದ್ದುದು ನಮ್ಮನ್ನು ಬಹಳ ಕಾಡಿತು.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಸಂವಿಧಾನದ 348ನೆಯ ಅನುಚ್ಛೇದದಂತೆ ಸುಪ್ರೀಂ ಕೋರ್ಟಿನ ವ್ಯವಹಾರವು ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. 2019ರಿಂದ ಕೆಲವು ತೀರ್ಪುಗಳು ಕನ್ನಡಕ್ಕೂ ಅನುವಾದಗೊಂಡು ದೊರೆಯುತ್ತಿವೆಯಾದರೂ ಪ್ರಮಾಣವಾಗಿ ನಿಲ್ಲುವುದು ಇಂಗ್ಲಿಷ್ ಪಾಠವೇ. ಮೊದಲು ಕನ್ನಡದಲ್ಲಿ ತಿಳಿದು, ಅನಂತರ ಮೂಲವನ್ನು ಹಿಡಿಯುವುದು ನಮ್ಮ ಮಕ್ಕಳಿಗೆ ಸುಗಮವಾದ ದಾರಿ.

ಆದರೆ ಪುಟ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಲಾಗದೆಂದು 1967ರಲ್ಲಿ ಗೋಲಕನಾಥ ಮೊಕದ್ದಮೆಯಲ್ಲಿ ತೀರ್ಪಾಗಿತ್ತು. 1973ರ ತೀರ್ಪು ಅದನ್ನು ತಳ್ಳಿಹಾಕಿತು. 1967ರ ಸಂಪುಟದಲ್ಲಿಯೇ ನಿಂತವನು ಎಷ್ಟು ಶ್ರದ್ಧೆಯಿಂದ ಓದಿದರೂ ತಪ್ಪನ್ನೇ ಬರೆಯುವನು. ಮೋಸಗಾರನನ್ನು ‘ಫೋರ್ ಟ್ವೆಂಟಿ’ ಎಂದು ಜರೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. 1860ರ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ವಂಚನೆಯು 318ನೆಯ ಕಲಮಿಗೆ ಹೋಗಿದೆ. (ಬೈಗುಳನ್ನು ತಿದ್ದಲು ಯಾವ ಸಂಸತ್ತಿಗೂ ಆಗದು!) ಹಾಗೆಂದು ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ, ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಯಾವುದನ್ನು ಎಲ್ಲಿ ನೋಡಬೇಕೆಂದು ಹೇಳಬಲ್ಲ ಗ್ರಂಥಪಾಲಕನು ಅಧ್ಯಾಪಕನಿಗಿಂತ ಕಡಮೆಯವನಲ್ಲ.

ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲವೇ ಎಂದು ನೀವು ಕೇಳಬಹುದು. ನಿಜ; ಸುಪ್ರೀಂ ಕೋರ್ಟು ತನ್ನ ಅಧಿಕೃತ ತೀರ್ಪುಸಂಪುಟಗಳನ್ನು 2023ರಿಂದ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ತೆರೆದಿಟ್ಟಿದೆ; ಸರಕಾರದ ‘ಇಂಡಿಯಾ ಕೋಡ್’ ತಾಣದಲ್ಲಿ ಕೇಂದ್ರದ ಕಾಯಿದೆಗಳು ದೊರೆಯುತ್ತವೆ. ಆದರೆ ಅದೇ 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಎಂಬ ಯಂತ್ರವು ಕಟ್ಟಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ ದಂಡ ತೆತ್ತರು. ಸಂಪುಟವನ್ನು ತೆರೆದು ನೋಡಿದ್ದರೆ ಆ ಅಪಮಾನ ತಪ್ಪುತ್ತಿತ್ತು.

ಡಾ. ಅಂಬೇಡ್ಕರರು ತಮ್ಮ ಗ್ರಂಥರಾಶಿಗಾಗಿ ಇದೇ ನಗರದ ದಾದರಿನಲ್ಲಿ ‘ರಾಜಗೃಹ’ವನ್ನು ಕಟ್ಟಿಸಿದರು. ಅಷ್ಟು ಪುಸ್ತಕಗಳನ್ನು ಕೊಳ್ಳುವ ಶಕ್ತಿ ನಮ್ಮ ಮಕ್ಕಳಿಗೆಲ್ಲಿಯದು? ಅವರಿಗೆ ಕಾಲೇಜಿನ ಗ್ರಂಥಾಲಯವೇ ಗತಿ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಪರಂಪರೆ ನಮ್ಮದು. ಬೆಳಗ್ಗೆ ಪಾಠ ಕೇಳಿ ಹಗಲು ನೌಕರಿಗೆ ಹೋಗುವವನಿಗೆ, ಸಂಜೆಯೇ ಬಾಗಿಲು ಹಾಕುವ ಗ್ರಂಥಾಲಯವು ಇದ್ದೂ ಇಲ್ಲದಂತೆ. ರಾತ್ರಿ ಒಂಬತ್ತರವರೆಗಾದರೂ ಅದು ತೆರೆದಿರಬೇಕು. ಮೊದಲ ವರ್ಷದವರಿಗೆ ಮೊದಲ ವಾರದಲ್ಲಿಯೇ ಸಂಪುಟಗಳನ್ನು ಕೈಗೆ ಕೊಟ್ಟು ಹುಡುಕುವುದನ್ನು ಕಲಿಸಬೇಕು. ಇಂಗ್ಲಿಷ್–ಕನ್ನಡ ಕಾನೂನು ಪದಕೋಶವೊಂದು ಮೇಜಿನ ಮೇಲಿರಬೇಕು. ಇದಕ್ಕೆ ದೊಡ್ಡ ಖರ್ಚೇನೂ ತಗಲದು.

ನಮ್ಮ ಪಾಲಿನದನ್ನೂ ನಾವು ಮಾಡಬೇಕಷ್ಟೆ. ಸಂವಿಧಾನದ ಕನ್ನಡ ಪ್ರತಿಯನ್ನೂ ಅಂಥದೊಂದು ಪದಕೋಶವನ್ನೂ ಶಾಲೆಯ ಕಪಾಟಿನಲ್ಲಿರಿಸಲು ಕೇಳಿಕೊಂಡಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಹಣ ಇನ್ನೂ ಮಂಜೂರಾಗಿಲ್ಲ. ಆ ಹುಡುಗನು ಕಾಲೇಜನ್ನು ಬಿಡಲಿಲ್ಲ. ತಿಂಗಳ ಎರಡನೆಯ ಶನಿವಾರ ಬಂದು, ಇಂಥ ಚೀಟಿಗಳನ್ನು ಓದುವ ಬಗೆಯನ್ನು ಹತ್ತನೆಯ ತರಗತಿಯವರಿಗೆ ತೋರಿಸಿಕೊಡುವೆನೆಂದು ಮಾತು ಕೊಟ್ಟಿದ್ದಾನೆ.